ಒಂದು ಹರಳು ಉಪ್ಪು

ತಿಕೋಟಾ,
ಬುಧವಾರ, 7 ಮೇ 2025

ಮಗಳು ಆರತಿಗೆ,

ನಿನ್ನ ಅತ್ತೆ ನೀಲಾಬಾಯಿ ಮಾಡುವ ಅನೇಕ ಆಶೀರ್ವಾದಗಳು.

ಹೇಗಿದ್ದೀಯವ್ವ? ಕೈ ನಡುಗುವುದು ಪೂರ್ತಿ ನಿಂತಿತೋ, ಇನ್ನೂ ಚಹಾ ಹಿಡಿದರೆ ಕಪ್ಪು-ಬಸಿ ಟಣಟಣ ಅನ್ನುತ್ತವೆಯೋ? ನಿದ್ದೆ ಬರುತ್ತದೆಯೇ? ನಡೆಯುವಾಗ ಗೋಡೆ ಹಿಡಿಯುವುದು ತಪ್ಪಿತೇ? ನೀರು ಚೆನ್ನಾಗಿ ಕುಡಿಯುತ್ತೀಯಷ್ಟೇ? ಊಟಕ್ಕೆ ಉಪ್ಪು ಸರಿಯಾಗಿ ಹಾಕಿಕೊಳ್ಳುತ್ತೀಯಷ್ಟೇ? ಕಾಗದದ ಬಾಗಿಲಲ್ಲೇ ಮುದುಕಿ ಉಪ್ಪಿನ ವಿಚಾರಣೆಗೆ ನಿಂತಳಲ್ಲ ಎಂದು ನಗಬೇಡ. ಇಂದು ನಾನು ಬರೆಯಲು ಕೂತದ್ದೇ ಆ ಮಾತಿಗೆ. ನಿಮ್ಮವ್ವನ ಮೈ ಹೇಗಿದೆ? ಸಾರವಾಡದ ನಿಮ್ಮ ಮನೆಯಲ್ಲಿ ಮೇಲೆ ತಗಡು, ಮಧ್ಯಾಹ್ನ ಒಲೆಯೊಳಗೆ ಕೂತ ಹಾಗಾಗುತ್ತದೆ. ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿಕೊಂಡು ಮಲಗು. ನಿಮ್ಮಣ್ಣ ಗುರಣ್ಣ ಬೇಡ ಅಂದರೆ ಅತ್ತೆ ಹೇಳಿದ್ದಾಳೆ ಅನ್ನು. ನನ್ನ ಮಾತು ಅಲ್ಲಿ ಈಗ ಎಷ್ಟು ನಡೆಯುತ್ತದೋ ನನಗೆ ಗೊತ್ತಿಲ್ಲ, ಆದರೂ ಅನ್ನು.

ಇಲ್ಲಿ ಎಲ್ಲರೂ ಇದ್ದೇವೆ. ಆರಾಮ ಎಂದು ಬರೆಯಲು ಕೈ ಬರುವುದಿಲ್ಲ, ಇದ್ದೇವೆ ಎಂದಿಟ್ಟುಕೋ. ದ್ರಾಕ್ಷಿ ಒಣಗಿಸುವ ಕೆಲಸ ಮುಗಿಯಿತು, ಶೆಡ್ಡುಗಳೆಲ್ಲ ಬರಿದಾಗಿವೆ. ಮಗ ಶ್ರೀಮಂತ ಮುಂಜಾನೆ ಹೋಗುತ್ತಾನೆ, ಸಂಜೆ ಬರುತ್ತಾನೆ, ತಟ್ಟೆಯಲ್ಲಿ ಏನಿದೆ ಎಂದು ನೋಡದೆ ಉಣ್ಣುತ್ತಾನೆ. ನನ್ನ ಜೊತೆ ಮಾತು ಎಂದರೆ "ಹ್ಞೂಂ" ಮತ್ತು "ಊಹ್ಞೂಂ", ಎರಡೇ. ಭಾಗುವಿಗೆ ಮೇಲಿನ ಒಂದು ಹಲ್ಲು ಬಿತ್ತು. ಅದನ್ನು ಮಾಳಿಗೆಯ ಮೇಲೆ ಎಸೆಯಲು ಕೊಡಲಿಲ್ಲ, ಅವ್ವನಿಗೆ ತೋರಿಸಬೇಕು ಎಂದು ನಿನ್ನ ಮಣಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಈಗ ನನ್ನ ಪಕ್ಕದಲ್ಲೇ ಕೂತು ಪಾಟಿಯ ಮೇಲೆ ಏನೋ ಗೀಚುತ್ತಿದ್ದಾಳೆ. ಏನು ಬರೀತಿ ಆಯಿ ಎಂದು ಮೂರು ಸಲ ಕೇಳಿದಳು. ಸಾಲಿ ಲೆಕ್ಕ ಅಂದೆ. ರಜೆಯಲ್ಲಿ ಎಂಥ ಸಾಲಿ ಲೆಕ್ಕ ಎಂದು ಹುಬ್ಬು ಏರಿಸಿದಳು. ನಿನ್ನದೇ ಹುಬ್ಬು ಅದು.

ಹೋದ ಶನಿವಾರ ನೀನು ಗುರಣ್ಣನ ಫೋನಿನಿಂದ ಮಾತಾಡಿದೆಯಲ್ಲ. "ಅತ್ತೀ, ಖರೇ ಹೇಳ್ರಿ. ಅವತ್ತ ನಾ ಎಷ್ಟ್ ಗುಳಿಗಿ ನುಂಗಿದ್ನಿ? ನನಗೊಂದೂ ನೆನಪಿಲ್ರಿ. ಭಾಗೂನ ಬಿಟ್ಟು ಸಾಯಾಕ ನನಗ ಹೆಂಗ ಮನಸ್ಸಾತ್ರಿ?" ಎಂದು ನೀನು ಅತ್ತುಬಿಟ್ಟೆ. ನಾನು ಏನೆಂದೆ? "ಆಗಿದ್ದು ಆಗಿ ಹೋತವಾ, ಇನ್ನ ಅದನ್ನ ತಗೀಬ್ಯಾಡ" ಎಂದೆ. ಎಷ್ಟು ದೊಡ್ಡ ಮನಸ್ಸಿನ ಅತ್ತೆ ನೋಡು! ನೀನು "ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋರಿ" ಎಂದೆ. ನಾನು ಹಾಕಿಕೊಂಡೆ. ಫೋನಿನಲ್ಲಿ ಸುತ್ತ ಜನ ಇರುತ್ತಾರೆ, ನನ್ನ ಬಾಯಿ ನನ್ನ ಕೈಯಲ್ಲಿ ಇರುವುದಿಲ್ಲ. ಕಾಗದದಲ್ಲಾದರೆ ಒಂದು ಸಾಲು ಬರೆದು ನಿಲ್ಲಿಸಿ, ನೀರು ಕುಡಿದು, ಮತ್ತೊಂದು ಸಾಲು ಬರೆಯಬಹುದು. ಅದಕ್ಕೇ ಈ ಕಾಗದ. ಬರುವ ಭಾನುವಾರ ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಅಣ್ಣನ ಮನೆಯಲ್ಲಿ ಎರಡೂ ಕಡೆಯವರು ಕೂಡುತ್ತಾರೆ ಎಂದು ನಿನಗೆ ಗೊತ್ತಾಗಿರಬೇಕು. ಏನು ತೀರ್ಮಾನ ಮಾಡಬೇಕೆಂದು ಶ್ರೀಮಂತ ಮೊದಲೇ ತಲೆಯಲ್ಲಿ ಇಟ್ಟುಕೊಂಡಿದ್ದಾನೆ. ನೀನು ಸಾರವಾಡದಲ್ಲೇ ಇರಬೇಕು, ಭಾಗು ಇಲ್ಲಿ ಅವನ ಹತ್ತಿರ ಇರಬೇಕು. "ಎರಡನೇ ಸಲ ಆತು, ಮೂರನೇದು ನನ್ನ ಮಗಳ ಕಣ್ಣಮುಂದ ಆಗಬಾರದು" ಎನ್ನುತ್ತಾನೆ. ಅವನದು ಸಿಟ್ಟಲ್ಲ ಆರತಿ, ಹೆದರಿಕೆ. ಆ ಹೆದರಿಕೆಗೆ ಆಧಾರ ಕೊಟ್ಟವಳು ಯಾರು ಎಂದು ಹೇಳಬೇಕಾಗಿದೆ.

ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ಮಾರ್ಚ್ ತಿಂಗಳ ಕೊನೆಯದು ನಿನಗೆ ನೆನಪಿಲ್ಲ ಎನ್ನುತ್ತೀ. ಭಾಗು ಎಂಟು ತಿಂಗಳ ಕೂಸಿದ್ದಾಗ ನೀನು ತಲೆನೋವಿನ ಗುಳಿಗೆ ಒಂದು ಮುಷ್ಟಿ ನುಂಗಿದ್ದು ಖರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೂ ಮೊದಲು ಮೂರು ದಿನದಲ್ಲಿ ಹನ್ನೊಂದು ರವಿಕೆ ಹೊಲಿದು, ಕೇಳದವರಿಗೂ ಹಂಚಿ, ಊರ ತುಂಬ ನಗುತ್ತ ಓಡಾಡಿದವಳು ನೀನೇ. ಡಾಕ್ಟರು ಅದಕ್ಕೆ ಬೈಪೋಲಾರ್ ಎಂದು ಹೆಸರು ಹೇಳಿದರು, ಮನಸ್ಸು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಗುಳಿಗೆ ತಪ್ಪಿಸಬಾರದು ಎಂದರು. ಆಗ ನಾನೇ ಮೂಗು ಮುರಿದಿದ್ದೆ. ಆದರೆ ಆ ಬಿಳಿ ಗುಳಿಗೆ ನಿನ್ನನ್ನು ನಮಗೆ ತಿರುಗಿ ಕೊಟ್ಟಿತು. ಐದು ವರ್ಷ ನೀನು ಬಿದ್ದದ್ದಿಲ್ಲ, ಹಾರಿದ್ದಿಲ್ಲ. ರವಿಕೆಯ ಮೇಲೆ ಜರಿ, ಮಣಿ ಕೂರಿಸುವ ಆರಿ ಕೆಲಸ ಕಲಿತೆ. ಬಬಲೇಶ್ವರದಿಂದಲೂ ಮದುವೆ ರವಿಕೆ ಹುಡುಕಿಕೊಂಡು ಬರುತ್ತಿದ್ದವು. ಆ ಗುಳಿಗೆಯ ಮೇಲೆ ನನಗೆ ದೂರಿಲ್ಲ ಎಂಬುದನ್ನು ಇಲ್ಲೇ ಬರೆದಿಡುತ್ತೇನೆ. ದೂರು ಇದ್ದದ್ದು ಅದರ ಜೊತೆಗೆ ಬಂದವುಗಳ ಮೇಲೆ. ಕೈ ನಡುಕ. ಎಷ್ಟು ನೀರು ಕುಡಿದರೂ ಇಂಗದ ದಾಹ. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ. ಮೈ ತೂಕ. ಒಂದು ಗಳಿಗೆ ಕೂತರೆ ಎರಡು ಸಲ ಬಚ್ಚಲಿಗೆ ಏಳುವುದು. ಸೂಜಿಯ ಕಣ್ಣಿಗೆ ದಾರ ಪೋಣಿಸಲು ಭಾಗುವನ್ನು ಕರೆಯುತ್ತಿದ್ದೆಯಲ್ಲ, ಅದು ನನಗೆ ನೋಡಲಾಗುತ್ತಿರಲಿಲ್ಲ.

ಮನೆಮದ್ದು ಶುರುವಾದದ್ದು ಹಾಗೆ. ಮೊದಮೊದಲು ಮಾಡಿದ್ದೆಲ್ಲ ಒಳ್ಳೆಯದೇ ಆಯಿತು, ಅಲ್ಲವೇ? ಬಾಯಿ ರುಚಿಗೆ ನೆನೆಸಿದ ಒಣದ್ರಾಕ್ಷಿ ಕೊಟ್ಟೆ, ತಿಕೋಟಾದಲ್ಲಿ ಅದಕ್ಕೇನು ಬರ. ನೀನು ನಾಲ್ಕು ತಿಂದು ಉಳಿದದ್ದನ್ನು ಭಾಗುವಿನ ಬಾಯಿಗೆ ಹಾಕುತ್ತಿದ್ದೆ. ಕೈಗೆ ದಿನಾ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿದೆ. ನಡುಕ ಹೋಗಲಿಲ್ಲ ನಿಜ, ಆದರೆ ನೀನು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದೆ, ನನಗೆ ಅದೇ ಸಾಕಾಗಿತ್ತು. ನನಗೆ ಹೆಣ್ಣುಮಗಳಿಲ್ಲ, ಯಾರ ಕೈಗೂ ಹಾಗೆ ಎಣ್ಣೆ ತಿಕ್ಕಿದವಳಲ್ಲ ನಾನು. ಮೂವತ್ತು ವರ್ಷ ಅಂಗನವಾಡಿ ನಡೆಸಿ, ಊರ ಕೂಸುಗಳ ತೂಕ ನೋಡಿ, ಬಸುರಿಯರಿಗೆ ಬುದ್ಧಿ ಹೇಳಿದವಳು. ಎಲ್ಲರೂ ಅಕ್ಕೋರೇ ಅಕ್ಕೋರೇ ಎಂದು ಬಾಗಿಲಿಗೆ ಬಂದರೆ ತಲೆ ಸ್ವಲ್ಪ ಮೇಲಾಗದೆ ಇರುತ್ತದೆಯೇ? ನನಗೆ ಗೊತ್ತಿಲ್ಲದ್ದು ಒಂದೂ ಇಲ್ಲ ಎನ್ನುವ ಸೊಕ್ಕು ನನ್ನಲ್ಲಿತ್ತು. ನೀನು ಬಾಯಿಬಿಟ್ಟು ಹೇಳದಿದ್ದರೂ ನಿನಗೂ ಅದು ಗೊತ್ತಿತ್ತು.

ಮಾರ್ಚಿನಲ್ಲಿ ನಿನ್ನ ಪಾದ ಬಾತವು. ಕಾಲ್ಗೆಜ್ಜೆ ಚರ್ಮದಲ್ಲಿ ಹೂತು ಗುರುತು ಬಿತ್ತು. ಈಗ ನೋಡು, ನನಗೂ ಬಿಪಿ ಇದೆ, ನನ್ನ ಕಾಲೂ ಬಾಯುತ್ತವೆ, ನನ್ನ ಡಾಕ್ಟರು ಪ್ರತಿ ಸಲ "ಉಪ್ಪು ಕಮ್ಮಿ ಮಾಡ್ರಿ ಅಕ್ಕೋರ" ಎಂದೇ ಬೈದು ಕಳಿಸುವುದು. ಉಪ್ಪು ತಿಂದರೆ ದಾಹ, ಉಪ್ಪು ತಿಂದರೆ ಬಾವು. ನಿನಗೆ ಎರಡೂ ಇದ್ದವು. ಇದಕ್ಕೆ ಇನ್ನಾರನ್ನು ಕೇಳಬೇಕು ಎಂದುಕೊಂಡೆ. ನಮ್ಮ ಮನೆದೇವರಿಗೆ ಸಪ್ಪೆ ಊಟದ ಹರಕೆ ಹಿಂದಿನಿಂದ ಇದ್ದದ್ದೇ. ನನ್ನ ಅತ್ತೆ ತಮ್ಮ ಕಣ್ಣಿಗಾಗಿ ಹಿಡಿದಿದ್ದರು, ನಾನು ಶ್ರೀಮಂತನ ಟೈಫಾಯಿಡ್ ಇಳಿಯಲಿ ಎಂದು ಹಿಡಿದಿದ್ದೆ. ಅವೆಲ್ಲ ಐದು ಸೋಮವಾರದವು. ನಿನಗೆ ಮಾತ್ರ ನಾನು ದಂಡಿಯಾಗಿ ಇಪ್ಪತ್ತೊಂದು ದಿನ ಎಂದು ಬೇಡಿಕೊಂಡುಬಿಟ್ಟೆ. ಸೊಸೆಯ ಕೈ ನಿಲ್ಲಲಿ, ಬಾವು ಇಳಿಯಲಿ, ಇಪ್ಪತ್ತೊಂದು ದಿನ ಅವಳ ಬಾಯಿಗೆ ಉಪ್ಪು ತಾಗಿಸುವುದಿಲ್ಲ ಎಂದು ದೀಪದ ಮುಂದೆ ಕೈ ಮುಗಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಹ್ಞೂಂ ಅನ್ನುತ್ತಿದ್ದೆ, ನನ್ನ ಮಾತಿಗೆ ನೀನು ಯಾವಾಗ ಇಲ್ಲ ಎಂದಿದ್ದೀ. ಅದರ ಮೇಲೆ ಹೊಲದ ಬದುವಿನಲ್ಲಿ ನೆಗ್ಗಿಲಮುಳ್ಳು ಆರಿಸಿ ತಂದು, ಕುಟ್ಟಿ, ಕಷಾಯ ಕಾಸಿ ಎರಡು ಹೊತ್ತು ಕುಡಿಸಿದೆ, ಮೈಯಲ್ಲಿಯ ನೀರು ಇಳಿದು ಹೋಗಲಿ ಎಂದು. ಇಳಿಯಿತು. ನಾಲ್ಕನೇ ದಿನಕ್ಕೆ ಕಾಲ್ಗೆಜ್ಜೆ ಸಡಿಲಾಯಿತು. ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ನೀನೊಬ್ಬಳೇ ಸಪ್ಪೆ ಉಂಡರೆ ಬೇಸರ ಪಡುತ್ತೀ ಎಂದು ನಾನೂ ನಿನ್ನ ಜೊತೆ ಸಪ್ಪೆ ಉಂಡೆ. ಮೂರು ಬಗೆಯ ಪಲ್ಲೆ ಮಾಡಿದರೂ ಮೂರೂ ಒಂದೇ ರುಚಿ. ನೀನು "ಅತ್ತೀ, ಹಿಂಗ ಉಂಡ್ರ ದನಕ್ಕೂ ನಮಗೂ ಏನ್ರೀ ಫರಕ" ಎಂದು ನಗಿಸಿದ್ದೆ. ಮೊದಲ ವಾರ ನಕ್ಕೆವು. ಎರಡನೇ ವಾರದಲ್ಲಿ ನಡುಕ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹರಕೆ ಫಲಿಸುವ ಮುಂಚೆ ರೋಗ ಒಮ್ಮೆ ಮೇಲೆದ್ದು ಹೋಗುತ್ತದೆ ಎಂದು ನಾನೇ ವಿವರಣೆ ಕೊಟ್ಟೆ. ಯುಗಾದಿಯ ದಿನ ಹೋಳಿಗೆ ಊಟಕ್ಕೆ ಕೂತಾಗ ನೀನು ತಟ್ಟೆ ನೋಡುತ್ತ ಮೆಲ್ಲಗೆ, "ಅತ್ತೀ, ಇವತ್ತ ಹಬ್ಬ ಐತಿ, ಒಂದ್ ಹರಳ ಉಪ್ಪ ಕೊಡ್ರಿ" ಎಂದೆ. ಕೊಡಲಿಲ್ಲ. ಹದಿನಾಲ್ಕು ದಿನ ಮಾಡಿದ್ದು ನೀರಿಗೆ ಹೋಗುತ್ತದೆ ಎಂದೆ. ಮರುದಿನ ಮಧ್ಯಾಹ್ನ ನಾನು ಅಡುಗೆಮನೆಗೆ ಬಂದರೆ ನೀನು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಉಪ್ಪಿನ ಗಡಿಗೆಯಲ್ಲಿ ಬೆರಳು ಅದ್ದಿ ನೆಕ್ಕುತ್ತಿದ್ದೆ. ಆ ನಡುಗುವ ಬೆರಳು ಅರ್ಧ ಉಪ್ಪನ್ನು ಸೀರೆಯ ಮೇಲೆ ಚೆಲ್ಲಿತ್ತು. ಆರತಿ, ನಾನು ಆಗ ಏನೆಲ್ಲ ಅಂದೆ ಎಂಬುದು ನಿನಗೆ ನೆನಪಿಲ್ಲದಿದ್ದರೆ ಒಳ್ಳೆಯದೇ. ದೇವರಿಗೆ ಮೋಸ ಮಾಡುತ್ತೀಯಾ ಎಂದೆ. ಚಪಲಗೇಡಿ ಎಂದೆ. ಮಗಳಿರುವ ಹೆಂಗಸು ಕಳ್ಳತನದಲ್ಲಿ ಉಪ್ಪು ತಿನ್ನುತ್ತೀಯಲ್ಲ, ನಾಚಿಕೆ ಇಲ್ಲವೇ ಎಂದೆ. ನೀನು ಅತ್ತು, "ಇದಕ್ಕಿಂತ ಸತ್ತರ ಬೇಷಿತ್ತ ಬಿಡ್ರಿ" ಎಂದೆ. ನಾವು ಹೆಂಗಸರು ಹಾಲು ಉಕ್ಕಿದರೂ ಅನ್ನುವ ಮಾತು ಅದು. ನಾನು ಉಪ್ಪಿನ ಗಡಿಗೆ, ಉಪ್ಪಿನಕಾಯಿ ಭರಣಿ, ಎರಡನ್ನೂ ನಿನ್ನ ಕೈಗೆ ಎಟುಕದ ಹಾಗೆ ಮೇಲಿನ ಹಲಗೆಗೆ ಏರಿಸಿಟ್ಟೆ. ನಿನ್ನ ಮೈ ತನಗೆ ಬೇಕಾದದ್ದನ್ನು ಬೇಡುತ್ತಿತ್ತು. ಮೂವತ್ತು ವರ್ಷ ಕೂಸುಗಳ ಮುಖ ನೋಡಿ ಹಸಿವು ಯಾವುದು, ನೋವು ಯಾವುದು ಎಂದು ಹೇಳುತ್ತಿದ್ದ ಅಕ್ಕೋರಿಗೆ ಅದು ತಿಳಿಯಲಿಲ್ಲ.

ಆಮೇಲೆ ನಿನಗೆ ಭೇದಿ ಶುರುವಾಯಿತು, ವಾಂತಿ ಆಯಿತು. ಇದನ್ನು ಬರೆಯಲು ನನಗೆ ಬಹಳ ಕಷ್ಟವಾಗುತ್ತದೆ. ಕೂಸಿಗೆ ಭೇದಿಯಾದರೆ ಒಂದು ಚಿಟಿಕೆ ಉಪ್ಪು, ಸಕ್ಕರೆ ಹಾಕಿ ನೀರು ಕುಡಿಸಿರಿ ಎಂದು ಈ ತಿಕೋಟಾದ ಪ್ರತಿ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದವಳು ನಾನು. ಚಿತ್ರ ಬರೆದು ಗೋಡೆಗೆ ಅಂಟಿಸಿದವಳು ನಾನು. ನಿನಗೆ ಕೊಟ್ಟದ್ದು ಉಪ್ಪಿಲ್ಲದ ಅನ್ನದ ಗಂಜಿ, ಹರಕೆಗೆ ಇನ್ನು ನಾಲ್ಕೇ ದಿನ ಇವೆ ಎಂದು. ಪಕ್ಕದ ಮನೆಯ ಮಾಸುಮಬಿ ಬಂದು ನಿನ್ನನ್ನು ನೋಡಿ, "ಅಕ್ಕಾ, ಹುಡುಗಿ ತುಟಿ ನೋಡ್ರಿ, ಒಣಗಿ ಸೀಳ್ಯಾವ. ಮಾತು ತೊದಲಾಕತ್ತೈತಿ. ದವಾಖಾನಿಗೆ ಒಯ್ರಿ" ಎಂದಳು. ನಾನು ನಾಳೆ ನೋಡೋಣ ಎಂದೆ. ಹದಿನೆಂಟನೇ ದಿನ, ಏಪ್ರಿಲ್ ಮೂರು, ಗುರುವಾರ ಮುಂಜಾನೆ, ನೀನು ಅಂಗಳದಲ್ಲಿ ಕುಡಿದವರ ಹಾಗೆ ತೂರಾಡಿ ತುಳಸಿಕಟ್ಟೆಯ ಮೇಲೆ ಬಿದ್ದೆ. ಕೈಕಾಲು ಜಗ್ಗಾಡಿದವು. ಕಣ್ಣು ತೆರೆದಿದ್ದವು, ನನ್ನ ಗುರುತು ಹತ್ತಲಿಲ್ಲ. ಭಾಗು ಬಾಗಿಲಲ್ಲಿ ನಿಂತು ನೋಡಿದಳು. ಶ್ರೀಮಂತ ಶೆಡ್ಡಿನ ಟೆಂಪೋ ತಂದು ನಿನ್ನನ್ನು ವಿಜಯಪುರದ ದವಾಖಾನೆಗೆ ಹಾಕಿದ.

ರಕ್ತ ತಪಾಸಣೆ ಮಾಡಿದ ಡಾಕ್ಟರು, ಗುಳಿಗೆಯ ಅಂಶ ಮೈಯಲ್ಲಿ ವಿಷದಷ್ಟು ಏರಿದೆ, ಹೆಚ್ಚಿಗೆ ನುಂಗಿದ್ದಾಳೇನು ಎಂದು ಕೇಳಿದರು. ಮೊದಲಿನದು ಶ್ರೀಮಂತನ ಕಣ್ಣ ಮುಂದೆ ಇದ್ದೇ ಇತ್ತಲ್ಲ. ಅದೇ ಟೆಂಪೋದಲ್ಲಿ ಮನೆಗೆ ಹೋಗಿ ಅಲಮಾರಿಯ ಡಬ್ಬಿ ತಂದು ಬೆಂಚಿನ ಮೇಲೆ ಸುರಿದು ಎಣಿಸಿದ. ಹಿಂದಿನ ತಿಂಗಳು ಇಪ್ಪತ್ತಕ್ಕೆ ತಂದ ಅರವತ್ತರಲ್ಲಿ, ದಿನಕ್ಕೆ ಎರಡರ ಲೆಕ್ಕಕ್ಕೆ ಮೂವತ್ತೆರಡು ಉಳಿಯಬೇಕಿತ್ತು. ಇದ್ದದ್ದು ಇಪ್ಪತ್ತೆರಡು. "ಹತ್ತ ಕಮ್ಮಿ ಅದಾವು. ಮತ್ತ ನುಂಗ್ಯಾಳ" ಎಂದು ಗೋಡೆಗೆ ತಲೆ ಹಚ್ಚಿ ನಿಂತ. ಡಾಕ್ಟರು ನನ್ನ ಕಡೆ ತಿರುಗಿ, ಮನೆಯಲ್ಲಿ ಬೇರೆ ಏನಾದರೂ ಔಷಧ, ಕಷಾಯ, ಪಥ್ಯ ಮಾಡಿಸಿದ್ದೀರೇನು ಅಜ್ಜಿ ಎಂದು ಕೇಳಿದರು. ಸರಿಯಾಗಿಯೇ ಕೇಳಿದರು. ನಾನು "ಏನೂ ಇಲ್ರಿ" ಎಂದೆ. ನೆಗ್ಗಿಲಮುಳ್ಳಿನ ಕಷಾಯ ನನ್ನ ಎದೆಯಲ್ಲಿ ಮುಳ್ಳಾಗಿಯೇ ನಿಂತಿತ್ತು, ಆದರೂ ಏನೂ ಇಲ್ರಿ ಎಂದೆ. ನಿನ್ನ ತಲೆಯ ಹತ್ತಿರ ಹಚ್ಚಿದ ಚೀಟಿಯಲ್ಲಿ ಏನೋ ಬರೆದುಕೊಂಡು ಹೋದರು. ಎಂಟು ದಿನ ಅಲ್ಲಿದ್ದೆ. ನಿನಗೆ ಎಚ್ಚರ ಬಂದಾಗ ಮೊದಲು ಕಿವಿಗೆ ಬಿದ್ದದ್ದು ಗಂಡನ ಮಾತು, ಯಾಕ ಹಿಂಗ ಮಾಡಿದಿ ಎಂದು. ಮಾಡದ ತಪ್ಪನ್ನು ನೀನು ಅಲ್ಲಿಂದಲೇ ಹೊತ್ತುಕೊಂಡೆ. ಗುರಣ್ಣ ದವಾಖಾನೆಯಿಂದಲೇ ನಿನ್ನನ್ನು ಸಾರವಾಡಕ್ಕೆ ಕರೆದೊಯ್ದ.

ಉಪ್ಪಿನ ಸಂಗತಿ ನನಗೆ ತಿಳಿದದ್ದು ಹದಿನೈದು ದಿನದ ಹಿಂದೆ. ಮಾಸುಮಬಿಯ ಮಗಳು ಅಂಜುಮ ಗೊತ್ತಲ್ಲ, ಔಷಧದ ಕೋರ್ಸು ಓದಿ ಜೋರಾಪುರ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಕೂಡ್ರುತ್ತಾಳೆ. ಮನೆಗೆ ಬಂದಾಗ ನಿನ್ನ ಸುದ್ದಿ ತೆಗೆದಳು. ಮಾತಿಗೆ ಮಾತು ಬಂದು ಸಪ್ಪೆ ಊಟದ ಹರಕೆ ಅರ್ಧಕ್ಕೆ ನಿಂತಿತು ಎಂದು ನಾನು ದುಃಖದಿಂದ ಹೇಳಿದೆ ನೋಡು, ಆ ಹುಡುಗಿ ಚಹಾದ ಕಪ್ಪು ಕೆಳಗಿಟ್ಟಳು. "ದೊಡ್ಡವ್ವಾ, ಆ ಗುಳಿಗಿನ ಒಂದ್ ನಮೂನಿ ಉಪ್ಪ ಐತ್ರಿ. ಊಟದಾಗ ಉಪ್ಪ ನಿಂತ್ರ ಮೈ ಆ ಗುಳಿಗಿ ಉಪ್ಪನ್ನ ಗಟ್ಟಿ ಹಿಡಕೊಂಡ ಕುಂದರ್ತೈತಿ, ಹೊರಗ ಬಿಡಂಗಿಲ್ಲ. ಮ್ಯಾಲ ನೀವು ನೀರು ಇಳಿಯೂ ಕಷಾಯ ಬ್ಯಾರೆ ಕೊಟ್ಟೀರಿ, ಭೇದಿ ಬ್ಯಾರೆ ಆಗೈತಿ. ದಿನಕ್ಕ ಎರಡ ನುಂಗಿದ್ರೂ ಅದು ಕೂಡಿ ಕೂಡಿ ವಿಷ ಆಗ್ತೈತ್ರಿ" ಎಂದಳು. ನಾನು ಒಪ್ಪಲಿಲ್ಲ. ಮರುದಿನ ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ, ನಿನ್ನ ಹಳೆಯ ಡಾಕ್ಟರ ಬಾಗಿಲಲ್ಲಿ ಎರಡು ತಾಸು ಕೂತು, ಬೇರೆ ಯಾರದೋ ಮಾತು ಎಂಬಂತೆ ಕೇಳಿದೆ. ಅವರೂ ಅದನ್ನೇ ಹೇಳಿದರು. ಉಪ್ಪು ಕಡಿಮೆ ಮಾಡಬೇಡಿರಿ, ನೀರು ಬಿಡಬೇಡಿರಿ ಎಂದು ಈ ಗುಳಿಗೆ ಬರೆದುಕೊಟ್ಟ ಮೊದಲ ದಿನವೇ ಹೇಳಿ ಕಳಿಸುತ್ತೇವೆ ಎಂದರು. ಐದು ವರ್ಷದ ಹಿಂದೆ ಆ ಮೊದಲ ದಿನ ನಿನ್ನ ಜೊತೆ ಹೋಗಿದ್ದವಳು ನಾನೇ. ಕೇಳಿಸಿಕೊಂಡಿರಬೇಕು. ಮರೆತೆ. ನನ್ನ ಡಾಕ್ಟರು ನನಗೆ ಹೇಳಿದ್ದು ನೆನಪಿತ್ತು, ನಿನ್ನ ಡಾಕ್ಟರು ನಿನಗೆ ಹೇಳಿದ್ದು ನೆನಪಿರಲಿಲ್ಲ.

ಅದಾದ ಮೇಲೂ ನಾನು ಬಾಯಿ ಬಿಡಲಿಲ್ಲ. ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ, ಹತ್ತು ಗುಳಿಗೆ ಕಮ್ಮಿ ಬಂದದ್ದಂತೂ ಖರೆ ಅಲ್ಲವೇ, ಶ್ರೀಮಂತ ಎಣಿಸಿದ್ದಾನಲ್ಲ ಎಂದು. ಹೋದ ವಾರ ಭಾಗು ಆಡಲು ಹೋದವಳು ಅರ್ಧಕ್ಕೆ ಬಂದು ನನ್ನ ತೊಡೆಯ ಮೇಲೆ ಮುಖ ಇಟ್ಟಳು. ಓಣಿಯ ಹುಡುಗಿಯೊಬ್ಬಳು ನಿಮ್ಮವ್ವ ನಿನ್ನನ್ನು ಬಿಟ್ಟು ಸಾಯಾಕ ಹೋಗಿದ್ದಳಂತ ಎಂದಳಂತೆ. "ಆಯೀ, ಅವ್ವಗ ನಾ ಬ್ಯಾಡ ಆಗಿದ್ನೇನ?" ಎಂದು ಕೇಳಿತು ಕೂಸು. ಈ ಪ್ರಶ್ನೆ ಅವಳ ಜೊತೆ ದೊಡ್ಡದಾಗುತ್ತದೆ ಆರತಿ. ಮದುವೆಯಾಗುವಾಗಲೂ ಇರುತ್ತದೆ, ಅವಳು ಹಡೆಯುವಾಗಲೂ ಇರುತ್ತದೆ. ಎರಡು ದಿನದ ಮೇಲೆ ನಿನ್ನ ಫೋನು ಬಂತು, ನೀನೂ ಅದನ್ನೇ ಕೇಳಿದೆ. ತಾಯಿ, ಮಗಳು ಇಬ್ಬರೂ ನನ್ನನ್ನೇ ಕೇಳಿದಿರಿ, ಇಬ್ಬರಿಗೂ ನಾನು ಉತ್ತರ ಕೊಡಲಿಲ್ಲ. ಇಷ್ಟು ದಿನ ನಾನು ಉಂಡ ಅನ್ನ ಯಾವ ಮುಖದಿಂದ ಉಂಡೆನೋ.

ಇಷ್ಟು ಬರೆಯುವಷ್ಟರಲ್ಲಿ ಬಿಸಿಲು ಕಟ್ಟೆಯಿಂದ ಇಳಿಯಿತು. ನಿನಗೆ ನನ್ನದೊಂದು ಕೈಮುಗಿದ ಮಾತು. ಈ ಕಾಗದ ಓದಿ ಸಿಟ್ಟಿನಲ್ಲಿ ಗುಳಿಗೆ ಬಿಡಬೇಡ. ಈಗ ಡಾಕ್ಟರು ಕಡಿಮೆ ಮಾಡಿ ಬರೆದುಕೊಟ್ಟದ್ದನ್ನು ತಪ್ಪದೆ ತೆಗೆದುಕೋ, ರಕ್ತ ತಪಾಸಣೆಗೆ ಹೇಳಿದ ದಿನ ಹೋಗು. ಕಾಲು ಬಾತರೆ, ಬಾಯಿ ಕೆಟ್ಟರೆ ಅವರನ್ನೇ ಕೇಳು. ನನ್ನಂಥ ಅಕ್ಕೋರು ಊರೂರಿಗೆ ಇದ್ದಾರೆ, ಸಾರವಾಡದಲ್ಲೂ ಇರುತ್ತಾರೆ, ಅವರು ಏನು ಕಾಸಿ ತಂದರೂ ಬಾಯಿಗೆ ಹಾಕಬೇಡ. ಒಣದ್ರಾಕ್ಷಿ ಕಳಿಸುತ್ತಿದ್ದೆ, ಅದನ್ನೂ ಕೇಳಿಯೇ ತಿನ್ನು ಎಂದು ಬರೆಯಬೇಕೆನಿಸಿ ಬಿಟ್ಟುಬಿಟ್ಟೆ. ಎಳ್ಳೆಣ್ಣೆ ಮಾತ್ರ ಕಳಿಸಿದ್ದೇನೆ. ಮೇಲೆ ತಿಕ್ಕುವುದಕ್ಕೆ ಯಾರ ಅಡ್ಡಿಯೂ ಇಲ್ಲ ಎಂದು ಅಂಜುಮ ಹೇಳಿದ್ದಾಳೆ. ನಿಮ್ಮವ್ವನಿಗೆ ನನ್ನ ಶರಣು ಹೇಳು. ಗುರಣ್ಣನಿಗೆ ಹೇಳಲು ನನಗೆ ಮುಖವಿಲ್ಲ. ಭಾಗು ಪಾಟಿಯ ಮೇಲೆ ಬರೆದದ್ದನ್ನು ತೋರಿಸುತ್ತಿದ್ದಾಳೆ. ನಿನ್ನ ಹೆಸರು ಬರೆದಿದ್ದಾಳೆ.

ನೂರು ವರ್ಷ ನಿನ್ನ ಕೈ ಗಟ್ಟಿಯಾಗಿರಲಿ. 

ನಿನ್ನ ಅತ್ತೆ,
ನೀಲಾಬಾಯಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಂಜುಮ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ನಾಳೆ ಅವಳಿಗೆ ಅಂಗಡಿಯ ರಜೆ, ಸಾರವಾಡದ ಬಸ್ಸು ಹತ್ತಿ ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಇಷ್ಟುದ್ದ ಬರೆದೂ ಬರೆಯಬೇಕಾದದ್ದನ್ನೇ ಬಿಟ್ಟಿದ್ದೆ. ಆ ಹತ್ತು ಗುಳಿಗೆ ನನ್ನ ಹತ್ತಿರ ಇವೆ. ಉಪ್ಪು ನೆಕ್ಕಿದ ದಿನ ನೀನು ಸತ್ತರೆ ಬೇಷಿತ್ತು ಎಂದೆಯಲ್ಲ, ನನಗೆ ಜೀವ ಝಲ್ಲೆಂದಿತು. ಮೊದಲಿನದು ನೆನಪಾಗಿ ಡಬ್ಬಿಯಿಂದ ಒಂದು ಪಾಕೀಟು ತೆಗೆದು ನನ್ನ ಟ್ರಂಕಿನಲ್ಲಿ ಅಂಗನವಾಡಿಯ ಹಳೆಯ ಪುಸ್ತಕದೊಳಗೆ ಬಚ್ಚಿಟ್ಟೆ, ಉಳಿದವನ್ನೂ ಮರುದಿನ ತೆಗೆಯೋಣ ಎಂದುಕೊಂಡೆ. ದವಾಖಾನೆಯಲ್ಲಿ ಶ್ರೀಮಂತ ಹತ್ತು ಕಮ್ಮಿ ಎಂದಾಗ ನನಗೆ ಆ ಕ್ಷಣವೇ ನೆನಪಾಯಿತು. ಬಾಯಿ ತೆರೆದೂ ಇದ್ದೆ. ಗುಳಿಗೆ ಅಲ್ಲ ಎಂದರೆ ಮತ್ತೆ ಯಾವುದರಿಂದ ಎಂದು ಕೇಳುತ್ತಾರೆ, ಕಷಾಯಕ್ಕೆ ಬಂದು ನಿಲ್ಲುತ್ತದೆ ಎಂದು ಮುಚ್ಚಿದೆ. ಮೂವತ್ತನಾಲ್ಕು ದಿನ ಮುಚ್ಚಿಕೊಂಡೇ ಇದ್ದೆ. ಶ್ರೀಮಂತ ಎಣಿಸಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡೆ ಎಂದು ಮೇಲೆ ಬರೆದದ್ದೂ ಸುಳ್ಳೇ. ಆ ಪಾಕೀಟು ಈ ಲಕೋಟೆಯಲ್ಲಿದೆ. ನಿನ್ನ ಮೇಲೆ ನಂಬಿಕೆ ಇಲ್ಲದೆ ಬಚ್ಚಿಟ್ಟವಳು ಈಗ ನಿನ್ನ ಕೈಗೇ ಕಳಿಸುತ್ತಿದ್ದೇನೆ. ಎಣಿಸಿ ನೋಡು, ಹತ್ತೂ ಇವೆ, ಒಂದರ ಹಾಳೆಯೂ ಹರಿದಿಲ್ಲ. ಭಾನುವಾರ ಎಲ್ಲರ ಮುಂದೆ ನಾನೇ ಹೇಳಬೇಕೆಂದಿದ್ದೇನೆ. ನನ್ನ ಬಾಯಿಯ ಮೇಲೆ ನನಗೆ ಭರವಸೆ ಇಲ್ಲ. ನಾನು ಸುಮ್ಮನೆ ಕೂತರೆ ನೀನು ನನ್ನ ಮುಖ ನೋಡಬೇಡ, ಗುರಣ್ಣನಿಗೆ ಹೇಳಿ ಈ ಕಾಗದವನ್ನು ಮೊದಲಿನಿಂದ ಕಡೆತನಕ ಗಟ್ಟಿಯಾಗಿ ಓದಿಸು, ಭಾಗುವನ್ನು ಎದುರಿಗೆ ಕೂರಿಸಿಕೊಂಡು ಓದಿಸು. ನೀನು ಸಾಯಲು ಹೋಗಿರಲಿಲ್ಲ ಆರತಿ. ಒಂದು ಹರಳು ಉಪ್ಪು ಬೇಡಿದ್ದೆ, ಅಷ್ಟೇ.